ಅರ್ಧದಿಂದ ಇಳಿದು ಬರುವ ನಂಬಿಕೆ

ಯೌವನಸ್ಥರ ಶಿಬಿರ, ತುರುವೇಕೆರೆ. ಎರಡನೇ ದಿನ, ಸಂಜೆಯ ಪಾಠ.
ಓದುವ ಭಾಗ: ಅಪೊಸ್ತಲರ ಕೃತ್ಯಗಳು 27ನೇ ಅಧ್ಯಾಯ

ಹಿಂದಗಡೆ ಕೂತಿರೋರಿಗೆ ಕೇಳಿಸ್ತಿದೆಯಾ? ಕರೆಂಟ್ ಇಲ್ಲ, ಜನರೇಟರ್ ಸದ್ದು ಜೋರಾಗಿದೆ, ಸ್ವಲ್ಪ ಮುಂದಕ್ಕೆ ಬನ್ನಿ. ಬೆಂಗಳೂರಿಂದ ಬಂದಿರೋ ತಮ್ಮಂದಿರು, ತಂಗಿಯರು ಬೆಳಿಗ್ಗೆಯಿಂದ ಈ ತೋಟದಲ್ಲಿ ಕತ್ತೆತ್ತಿ ನೋಡ್ತಾ ಒಂದೇ ಪ್ರಶ್ನೆ ಕೇಳ್ತಿದ್ದೀರಿ, ಇಷ್ಟು ಎತ್ತರದ ಮರಾನ ಜನ ಹೇಗೆ ಹತ್ತುತ್ತಾರೆ ಅಂತ. ಇವತ್ತು ಸಂಜೆ ನಾನು ಇಳಿಯೋದರ ಬಗ್ಗೆ ಮಾತಾಡ್ತೀನಿ.

ಕಾರಣ ಇದೆ. ನಿನ್ನೆ ರಾತ್ರಿ ಊಟ ಆದ ಮೇಲೆ ನಿಮ್ಮಲ್ಲಿ ಹನ್ನೊಂದು ಜನ ನನ್ನ ಹತ್ತಿರ ಬಂದ್ರಿ. ಡಿಸೆಂಬರ್ ಕೊನೇ ವಾರ ಹಿಮಾಲಯಕ್ಕೆ ಹೋಗ್ತಿದ್ದೀವಿ, ಹಿಮದ ಶಿಖರ ಹತ್ತುತ್ತೀವಿ, ಸಭೆಯ ಹೆಸರಿರೋ ಬ್ಯಾನರ್ ಕೂಡ ಪ್ರಿಂಟ್ ಮಾಡಿಸಿದ್ದೀವಿ, ಪ್ರಾರ್ಥನೆ ಮಾಡಿ ಕಳಿಸಿ ಅಂದ್ರಿ. ಆಗ ಹವಾಮಾನ ಹೇಗಿರುತ್ತೋ ಅಂತ ಒಬ್ಬ ತಂಗಿ ಕೇಳಿದ್ಲು. ತಕ್ಷಣ ಒಬ್ಬ ತಮ್ಮ, ‘ನಮ್ಮ ದೇವರು ಗಾಳಿಯನ್ನೇ ಗದರಿಸಿದ ದೇವರು’ ಅಂದ. ಎಲ್ಲರೂ ಆಮೆನ್ ಅಂದ್ರಿ, ನಾನೂ ಅಂದೆ. ಆಮೇಲೆ ನನಗೆ ನಿದ್ದೆ ಬರಲಿಲ್ಲ. ಅದೇ ಮಾತನ್ನ ಒಂದು ಸಲ ಹಿಮದ ಮೇಲೆ ನಿಂತು ನಾನೇ ಹೇಳಿದ್ದೆ. ಅದರಿಂದ ಏನಾಯ್ತು ಅನ್ನೋದನ್ನ ಇವತ್ತಿನವರೆಗೂ ಯಾವ ವೇದಿಕೆ ಮೇಲೂ ಪೂರ್ತಿ ಹೇಳಿಲ್ಲ. ಅದಕ್ಕೆ ಬರ್ತೀನಿ.

ಮೊದಲು ನಮ್ಮ ಮಾವನ ವಿಷಯ. ನನ್ನ ತಾಯಿಯ ಊರು ಇಲ್ಲಿಂದ ಮಾಯಸಂದ್ರದ ಕಡೆ. ಸೋದರಮಾವ ಕಾಯಿ ಕೀಳೋರು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರೂ ತಾಲ್ಲೂಕಿನಲ್ಲಿ ಅನ್ನ ಬರೋದೇ ತೆಂಗಿನ ಮರದಿಂದ. ಬೇಸಿಗೆ ರಜೆಗೆ ಬಂದಾಗೆಲ್ಲ ನಾನು ಮಾವನ ಹಿಂದೆ ತೋಟ ತೋಟ ಸುತ್ತುತ್ತಿದ್ದೆ. ಒಂದು ಮಧ್ಯಾಹ್ನ ಎಳನೀರು ಇಳಿಸಬೇಕಿತ್ತು. ಲಾರಿ ಬಂದು ನಿಂತಿತ್ತು, ಸಂಜೆಯೊಳಗೆ ಮದ್ದೂರು ಮಾರ್ಕೆಟ್ ಸೇರಬೇಕು. ಮಾವ ಕಾಲಿಗೆ ಹಗ್ಗದ ಕುಣಿಕೆ ಹಾಕ್ಕೊಂಡು, ಸೊಂಟಕ್ಕೆ ಮಚ್ಚು ಸಿಕ್ಕಿಸ್ಕೊಂಡು ಮುಕ್ಕಾಲು ಮರ ಹತ್ತಿದ್ರು. ಇನ್ನೊಂದು ನಾಲ್ಕು ಆಳು ಎತ್ತರ ಹೋದ್ರೆ ಗೊನೆ ಕೈಗೆ ಸಿಗ್ತಿತ್ತು. ಅಲ್ಲೇ ನಿಂತ್ರು. ಪಡುವಣ ದಿಕ್ಕು ನೋಡಿದ್ರು. ಕೆಳಗೆ ನಮಗೆ ಏನೂ ಗೊತ್ತಾಗ್ತಿಲ್ಲ, ಒಂದು ಎಲೆಯೂ ಅಲುಗಾಡ್ತಿಲ್ಲ. ಮಾವ ಇಳಿಯೋಕೆ ಶುರು ಮಾಡಿದ್ರು.

ತೋಟದ ಯಜಮಾನರು ಬೈದ್ರು. ಲಾರಿ ಡ್ರೈವರ್ ನಕ್ಕ. ‘ಏನಪ್ಪಾ, ವಯಸ್ಸಾಯ್ತಾ?’ ಅಂತ ಯಾರೋ ಕೇಳಿದ್ರು. ಮಾವ ಬೀಡಿ ಹಚ್ಚಿ, ‘ಕಾಯಿ ಎಲ್ಲಿಗ್ ಹೋಯ್ತದೆ, ನಾಳಿಕೂ ಅಲ್ಲೇ ಇರ್ತದೆ’ ಅಂದ್ರು. ಕಾಲು ಗಂಟೆ ಆಗಿರಬಹುದು, ಗಾಳಿ ಬಂತು ನೋಡಿ. ಮುಂಗಾರಿಗೆ ಮುಂಚಿನ ಆ ಗಾಳಿ ಮಳೆ ನಿಮಗೆ ಗೊತ್ತಿರಲ್ಲ. ಮರಗಳ ತಲೆ ಎಲ್ಲಾ ಒಂದೇ ಕಡೆ ಬಾಗಿತ್ತು. ಮಳೆ ಬಿದ್ದ ಮೇಲೆ ಬೊಡ್ಡೆ ಎಣ್ಣೆ ಸವರಿದ ಹಾಗೆ ಜಾರುತ್ತೆ. ಆ ಹೊತ್ತಲ್ಲಿ ಮಾವ ಮೇಲಿದ್ದಿದ್ರೆ ನಮ್ಮತ್ತೆಗೆ ಆವತ್ತೇ ಕುಂಕುಮ ಹೋಗ್ತಿತ್ತು. ಮಾವ ಸಭೆಗೆ ಬಂದವರಲ್ಲ, ಬೈಬಲ್ ಓದಿದವರಲ್ಲ. ಆದರೂ ಈ ಅಧ್ಯಾಯ ಓದುವಾಗ ನನಗೆ ನೆನಪಾಗೋದು ಅವರೇ.

ಈಗ ಬೆಟ್ಟದ ವಿಷಯ. 2024ರ ಜೂನ್ ತಿಂಗಳು ನೆನಪಿದೆಯಾ? ನಮ್ಮ ಕರ್ನಾಟಕದಿಂದ, ಬಹುತೇಕ ಬೆಂಗಳೂರಿನಿಂದ ಹೋದ ಒಂದು ತಂಡ. ಮೂವರು ಸ್ಥಳೀಯ ಗೈಡ್‌ಗಳನ್ನೂ ಸೇರಿಸಿ 22 ಜನ. ಉತ್ತರಾಖಂಡದ ಉತ್ತರಕಾಶಿ ಕಡೆಯಿಂದ ಸಹಸ್ತ್ರ ತಾಲ್ ಅನ್ನೋ ಸರೋವರಗಳಿಗೆ ಚಾರಣ. ಮೇ 29ಕ್ಕೆ ಹೊರಟವರು. ಜೂನ್ 3ನೇ ತಾರೀಕು ಮೇಲೆ ತಲುಪಿ ಹಿಂದಿರುಗುವಾಗ ಹಿಮಗಾಳಿ ಸಿಕ್ಕಿಹಾಕಿಸ್ತು. ದಾರಿ ಕಾಣಲಿಲ್ಲ, ಕ್ಯಾಂಪ್ ತಲುಪೋಕಾಗಲಿಲ್ಲ, ರಾತ್ರಿ ಬಯಲಲ್ಲೇ ಕಳೀಬೇಕಾಯ್ತು. ಸುದ್ದಿ ಹೊರಗೆ ಬಂದಿದ್ದೇ ಮಾರನೇ ದಿನ. ಆಗ ನಮ್ಮ ಕಂದಾಯ ಸಚಿವರಾಗಿದ್ದ ಕೃಷ್ಣ ಬೈರೇಗೌಡರು ಡೆಹ್ರಾಡೂನಿಗೆ ಹೋಗಿ ನಿಂತ್ರು, ವಾಯುಪಡೆಯ ಹೆಲಿಕಾಪ್ಟರ್ ಹಾರಿತು, 13 ಜನರನ್ನ ಕರೆತಂದ್ರು. ಒಂಬತ್ತು ಜನ ಬದುಕಲಿಲ್ಲ. ಮೂವತ್ತು ದಾಟಿದವರೊಬ್ಬರಿಂದ ಹಿಡಿದು ಎಪ್ಪತ್ತು ದಾಟಿದವರವರೆಗೆ ಅವರಲ್ಲಿ ಇದ್ರು. ಬೆಟ್ಟ ಗೊತ್ತಿಲ್ಲದವರೇನಲ್ಲ, ಅನುಭವ ಇದ್ದವರು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಆ ವಾರ ನಮ್ಮವರೇ ಕೆಲವರು ವಾಟ್ಸಾಪ್ ಗುಂಪುಗಳಲ್ಲಿ ಏನು ಹಾಕಿದ್ರು ನೋಡಿದ್ದೀನಿ. ದೇವರ ಸಂರಕ್ಷಣೆ ಇಲ್ಲದೆ ಹೋದವರು, ಹಾಗಾಯ್ತು, ಹೀಗಾಯ್ತು ಅಂತ. ದಯವಿಟ್ಟು ಹಾಗೆ ಬರೀಬೇಡಿ. ಲೂಕ 13ರಲ್ಲಿ ಯೇಸುವಿನ ಮುಂದೆ ಇದೇ ಪ್ರಶ್ನೆ ಬಂತು. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಜನ ಸತ್ತಿದ್ದರು. ಆ ಊರಲ್ಲಿದ್ದ ಬೇರೆಯವರಿಗಿಂತ ಅವರು ಕೆಟ್ಟವರಾಗಿದ್ದರು ಅಂತ ತಿಳೀಬೇಡಿ ಅನ್ನೋ ಅರ್ಥದಲ್ಲೇ ಆತ ಉತ್ತರ ಕೊಟ್ಟ. ಸತ್ತವರ ಮೇಲೆ ತೀರ್ಪು ಕೊಡೋ ಕುರ್ಚಿ ನಮ್ಮದಲ್ಲ. ಅದಕ್ಕೂ ಮುಂಚೆ, 2022ರ ಅಕ್ಟೋಬರ್ 4ರಂದು ಅದೇ ಉತ್ತರಕಾಶಿ ಜಿಲ್ಲೆಯ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತ ಆಯ್ತು. ನೆಹರು ಪರ್ವತಾರೋಹಣ ಸಂಸ್ಥೆಯ ತರಬೇತಿ ತಂಡ, ಜೊತೆಗೆ ಬೋಧಕರು, ಹಗ್ಗ, ಕೊಡಲಿ, ಎಲ್ಲಾ ಇತ್ತು. ಬೆಂಗಳೂರಿನ ಯುವಕರೂ ಸೇರಿ ಇಪ್ಪತ್ತಕ್ಕೂ ಹೆಚ್ಚು ಜನ ಹೋದ್ರು. ಎಲ್ಲಾ ಸರಿಯಾಗಿ ಮಾಡಿದವರ ಮೇಲೂ ಬೆಟ್ಟ ಬೀಳುತ್ತೆ. ಹಾಗಾಗಿ ಹಿಂತಿರುಗಿದರೆ ಬದುಕ್ತೀರಿ ಅನ್ನೋ ಗ್ಯಾರಂಟಿ ಕಾರ್ಡ್ ಅಂತ ಈ ಪಾಠಾನ ತಗೋಬೇಡಿ. ಹಿಂತಿರುಗಬಹುದಾದ ಹೊತ್ತಿನಲ್ಲಿ ನಾವು ಯಾಕೆ ಹಿಂತಿರುಗಲ್ಲ, ನನ್ನ ಪ್ರಶ್ನೆ ಅಷ್ಟೇ.

ಹೋಗೋರಿಗೆ ಒಂದೆರಡು ವಿಷಯ ಗೊತ್ತಿರಲಿ. ತುರುವೇಕೆರೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಸಾವಿರ ಮೀಟರ್ ಮೇಲೆ ಹೋದ ಹಾಗೆಲ್ಲ ಗಾಳಿಯ ಬಿಸಿ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತೆ. ಇದೇ ತೋಟಾನ ಹಾಗೇ ಎತ್ತಿ ಸಹಸ್ತ್ರ ತಾಲಿನ ಎತ್ತರಕ್ಕೆ, ಅಂದ್ರೆ ಸುಮಾರು 4,400 ಮೀಟರಿಗೆ ಇಟ್ರೆ ಇಲ್ಲಿರೋ 25 ಡಿಗ್ರಿ ಅಲ್ಲಿ ಎರಡು ಡಿಗ್ರಿಗೆ ಬರುತ್ತೆ. ಅದು ಬಿಸಿಲಿರೋ ಹೊತ್ತಿನ ಲೆಕ್ಕ. ಅದರ ಮೇಲೆ ಗಾಳಿ ಬೀಸಿದರೆ, ಬಟ್ಟೆ ಒದ್ದೆಯಾದರೆ, ಲೆಕ್ಕ ಬೇರೆಯೇ. ಉಸಿರಿಗೆ ಸಿಗೋ ಆಮ್ಲಜನಕವೂ ಸಮುದ್ರಮಟ್ಟದಲ್ಲಿ ಸಿಗೋದರ ಅರವತ್ತು ಪಾಲಿನ ಆಸುಪಾಸಿಗೆ ಇಳಿಯುತ್ತೆ. ಹಿಮಾಲಯದಲ್ಲಿ ಸಾಮಾನ್ಯವಾಗಿ ಬೆಳಿಗ್ಗೆ ಆಕಾಶ ಶುಭ್ರ ಇರುತ್ತೆ, ಮಧ್ಯಾಹ್ನದ ಹೊತ್ತಿಗೆ ಕಣಿವೆಯಿಂದ ಮೋಡ ಮೇಲೇರುತ್ತೆ. ರಾತ್ರಿ ಎರಡಕ್ಕೋ ಮೂರಕ್ಕೋ ಎಬ್ಬಿಸಿ ಹತ್ತಿಸೋದು ಅದಕ್ಕೇ. ಸೂರ್ಯೋದಯದ ಫೋಟೋಗೆ ಅಂತ ನಾನೂ ಮೊದಲು ಅಂದುಕೊಂಡಿದ್ದೆ.

ಇನ್ನು ಚಳಿ ಮಾಡೋ ಮೋಸ. ಮೈಯೊಳಗಿನ ಬಿಸಿ 35 ಡಿಗ್ರಿಗಿಂತ ಕೆಳಗೆ ಬಂದರೆ ಮೊದಲು ಜೋರಾಗಿ ನಡುಕ ಬರುತ್ತೆ. ನಡುಕ ಒಳ್ಳೇದು, ಮೈ ಇನ್ನೂ ಹೋರಾಡ್ತಿದೆ ಅಂತ. ಆಮೇಲೆ ನಾಲಿಗೆ ತೊದಲುತ್ತೆ, ಕಾಲು ಎಡವುತ್ತೆ, ಜಿಪ್ ಹಾಕ್ಕೊಳ್ಳೋಕೆ ಬರಲ್ಲ, ಬುದ್ಧಿ ಮಂಕಾಗುತ್ತೆ. ಆಮೇಲೆ ನಡುಕ ನಿಂತು ಹೋಗುತ್ತೆ. ಆಗ ಮನುಷ್ಯನಿಗೆ ಆರಾಮ ಅನ್ನಿಸಬಹುದು. ಅದು ಸಾವು ಹತ್ತಿರ ಬಂದಿರೋ ಗುರುತು. ಇದನ್ನ ನೆನಪಿಟ್ಕೊಳ್ಳಿ, ಸ್ವಲ್ಪ ಹೊತ್ತಲ್ಲಿ ಬೇಕಾಗುತ್ತೆ.

ಈಗ ಬೈಬಲ್ ತೆಗೀರಿ. ಅಪೊಸ್ತಲರ ಕೃತ್ಯಗಳು 27. ಮೊಬೈಲಲ್ಲಿ ಓದೋರು ಇನ್‌ಸ್ಟಾಗ್ರಾಮ್ ಮುಚ್ಚಿ, ನೋಡ್ತಾ ಇದ್ದೀನಿ.

ಪೌಲ ಕೈದಿ. ಶತಾಧಿಪತಿ ಯೂಲ್ಯನ ವಶದಲ್ಲಿ ರೋಮಿಗೆ ಹೋಗ್ತಿದ್ದಾನೆ. ಧಾನ್ಯ ತುಂಬಿದ ಅಲೆಕ್ಸಾಂದ್ರಿಯದ ಹಡಗು, ಒಟ್ಟು 276 ಜನ. ಕ್ರೇತ ದ್ವೀಪದ ಒಂದು ಚಿಕ್ಕ ರೇವಿಗೆ ಬರ್ತಾರೆ. ಉಪವಾಸದ ದಿನ ಕಳೆದು ಹೋಗಿತ್ತು ಅಂತ ಲೂಕ ಬರೀತಾನೆ. ಅಂದ್ರೆ ಶರತ್ಕಾಲ ಮುಗೀತಾ ಬಂತು, ಆ ಸಮುದ್ರದಲ್ಲಿ ಹಡಗು ಬಿಡೋ ಕಾಲ ಅಲ್ಲ. ಆಗ ಪೌಲ ಎಚ್ಚರಿಸ್ತಾನೆ. ಈ ಪ್ರಯಾಣದಿಂದ ಸರಕಿಗೂ ಹಡಗಿಗೂ ನಮ್ಮ ಜೀವಕ್ಕೂ ನಷ್ಟ ಕಾಣಿಸ್ತಿದೆ ಅಂತಾನೆ.

ಇಲ್ಲಿ ಒಂದು ನಿಮಿಷ ನಿಲ್ಲಿ. ಹತ್ತನೇ ವಚನದಲ್ಲಿ ‘ಕರ್ತನು ನನಗೆ ಹೇಳಿದನು’ ಅನ್ನೋ ಮಾತಿದೆಯಾ? ಹುಡುಕಿ. ಇಲ್ಲ. ದೂತ ಬರೋದು ಆಮೇಲೆ, ಬಿರುಗಾಳಿಯ ಮಧ್ಯದಲ್ಲಿ. ಇಲ್ಲಿ ಪೌಲ ಪ್ರವಾದನೆ ಮಾಡ್ತಿಲ್ಲ, ಕಣ್ಣಿಗೆ ಕಂಡದ್ದನ್ನ ಹೇಳ್ತಿದ್ದಾನೆ. ಇದಕ್ಕೂ ಮುಂಚೆ ಬರೆದ 2 ಕೊರಿಂಥ 11:25 ನೋಡಿ, ಆಗಲೇ ಮೂರು ಸಾರಿ ಅವನಿದ್ದ ಹಡಗು ಒಡೆದಿತ್ತು. ಮೂರು ಸಲ ಮುಳುಗಿ ಎದ್ದ ಮನುಷ್ಯ ಆಕಾಶ ನೋಡಿ ಮಾತಾಡ್ತಿದ್ದಾನೆ. ನಮ್ಮ ಮಾವ ಮರದ ಮೇಲಿಂದ ಪಡುವಣ ನೋಡಿದ ಹಾಗೆ. ಆತ್ಮನಿಂದ ತುಂಬಿದವನು ಅನುಭವಾನ ಪಕ್ಕಕ್ಕಿಡಬೇಕು ಅಂತ ನಮ್ಮಲ್ಲಿ ಒಂದು ತಪ್ಪು ತಿಳುವಳಿಕೆ ಇದೆ. ಪೌಲನಿಗೆ ಅದು ಇರಲಿಲ್ಲ.

ಶತಾಧಿಪತಿ ಯಾರ ಮಾತು ಕೇಳಿದ? ಚುಕ್ಕಾಣಿ ಹಿಡಿದವನದು, ಹಡಗಿನ ಯಜಮಾನನದು. ಯಜಮಾನನಿಗೆ ಸರಕಿನ ಚಿಂತೆ. ಆ ರೇವು ಚಳಿಗಾಲ ಕಳೆಯೋಕೆ ಅನುಕೂಲ ಇರಲಿಲ್ಲ, ಇನ್ನೂ ಒಳ್ಳೇ ರೇವು ಸ್ವಲ್ಪ ಮುಂದೆ ಇತ್ತು. ಹೆಚ್ಚು ಜನ ಹೋಗೋಣ ಅಂದ್ರು. ಅಷ್ಟರಲ್ಲಿ ದಕ್ಷಿಣದ ಗಾಳಿ ಹಿತವಾಗಿ ಬೀಸಿತು. ಆ ಹಿತವಾದ ಗಾಳಿಯೇ ಅವರನ್ನ ಕೆಡಿಸಿದ್ದು. ನೋಡಿ, ಆಕಾಶವೇ ಒಪ್ಪಿಗೆ ಕೊಡ್ತು, ಪೌಲನ ಮಾತು ಸುಳ್ಳಾಯ್ತು ಅಂದುಕೊಂಡು ಲಂಗರು ಎತ್ತಿಬಿಟ್ರು. ಸ್ವಲ್ಪ ಹೊತ್ತಿಗೇ ದ್ವೀಪದ ಕಡೆಯಿಂದ ಈಶಾನ್ಯದ ಬಿರುಗಾಳಿ ಅಪ್ಪಳಿಸಿತು.

ಈಗ ನನ್ನ ಕಥೆ. ಇದರಲ್ಲಿ ಬರೋ ತಂಗಿಯ ಅನುಮತಿ ಕೇಳಿಕೊಂಡೇ ಹೇಳ್ತಿದ್ದೀನಿ.

2018ರ ಡಿಸೆಂಬರ್. ನಾವು ಎಂಟು ಜನ, ಸಭೆಯ ಯೌವನಸ್ಥರು, ನಾನು ನಾಯಕ. ಕೇದಾರಕಂಠಕ್ಕೆ ಹೋದ್ವಿ. 3,810 ಮೀಟರ್. ಬೆಟ್ಟ ಹತ್ತೋರ ಬಾಯಲ್ಲಿ ಅದು ಸುಲಭದ ಶಿಖರ, ಹೊಸಬರೂ ಹೋಗ್ತಾರೆ. ಸಾಂಕ್ರಿ ಅನ್ನೋ ಹಳ್ಳಿಯಿಂದ ಹೊರಟು, ಜೂಡಾ ಕಾ ತಾಲಾಬ್ ಹತ್ತಿರ ಒಂದು ರಾತ್ರಿ, ಮೇಲಿನ ಕ್ಯಾಂಪಲ್ಲಿ ಇನ್ನೊಂದು ರಾತ್ರಿ. ನನ್ನ ಬ್ಯಾಗಲ್ಲೂ ಒಂದು ಬ್ಯಾನರ್ ಇತ್ತು. ಹೊರಡೋ ಭಾನುವಾರ ಆರಾಧನೆಯಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಿದ್ದೆ, ಶಿಖರದ ಮೇಲೆ ನಿಂತು ದೇಶಕ್ಕೋಸ್ಕರ ಪ್ರಾರ್ಥನೆ ಮಾಡಿ ವಿಡಿಯೋ ಕಳಿಸ್ತೀವಿ ಅಂತ. ಶಿಖರಕ್ಕೆ ಹೋಗೋ ಮುಂಚಿನ ಸಂಜೆ ಟೆಂಟಲ್ಲಿ ಧ್ಯಾನ ನಡೆಸಿದೆ. ವಿಷಯ, ಪೇತ್ರ ನೀರಿನ ಮೇಲೆ ನಡೆದು ಮುಳುಗಿದ್ದು. ಅಲ್ಪ ವಿಶ್ವಾಸ ಯಾಕೆ ಮುಳುಗಿಸುತ್ತೆ ಅಂತ ಅರ್ಧ ಗಂಟೆ ಮಾತಾಡಿದೆ. ಚೆನ್ನಾಗೇ ಮಾತಾಡಿದೆ, ಅದೇ ತೊಂದರೆ ಆಗಿದ್ದು.

ರಾತ್ರಿ ಮೂರು ಗಂಟೆಗೆ ಎದ್ವಿ. ನಕ್ಷತ್ರ ಒಂದೂ ಇಲ್ಲ, ಗಾಳಿ ಇದೆ. ಗೈಡ್ ಅಲ್ಲೇ ಸುತ್ತಮುತ್ತಲಿನ ಹಳ್ಳಿಯವರು, ನಲವತ್ತರ ಆಸುಪಾಸು. ‘ಸರ್‌ಜೀ, ಕಾಯೋಣ. ಬೆಳಕಾಗಲಿ, ನೋಡಿ ಹೇಳ್ತೀನಿ’ ಅಂದ್ರು. ನಾನು ಹಿಂದಿಯಲ್ಲಿ, ನಾವು ಪ್ರಾರ್ಥನೆ ಮಾಡೋ ಜನ, ನಮ್ಮ ದೇವರು ಗಾಳಿಯನ್ನ ಗದರಿಸಿದವನು ಅಂದೆ. ಹಿಮದ ಮೇಲೆ ಎಲ್ಲರನ್ನೂ ಸುತ್ತ ನಿಲ್ಲಿಸಿ, ಕೈ ಎತ್ತಿ ಗಟ್ಟಿಯಾಗಿ ಮೋಡಗಳಿಗೆ ಆಜ್ಞೆ ಕೊಟ್ಟೆ. ನಂಬ್ತೀರೋ ಇಲ್ಲವೋ, ಗಾಳಿ ನಿಂತಿತು. ಮೋಡ ಸರಿದು ಒಂದು ತುಂಡು ಆಕಾಶ ಕಾಣಿಸ್ತು, ನಕ್ಷತ್ರ ಹೊಳೀತಿದ್ವು. ಹಲ್ಲೆಲೂಯ ಅಂತ ಕೂಗಿದ್ವಿ. ಗೈಡ್ ಏನೂ ಹೇಳಲಿಲ್ಲ. ಅವರಿಗೆ ದಿನಗೂಲಿ ಕೊಡೋರು ನಾವು. ಬೂಟಿಗೆ ಮುಳ್ಳಿನ ಸರಪಳಿ ಕಟ್ಕೊಂಡು ಮುಂದೆ ನಡೆದ್ರು.

ದಕ್ಷಿಣದ ಗಾಳಿ. ಆ ವಚನ ಅದಕ್ಕೆ ಮುಂಚೆ ಎಷ್ಟು ಸಲ ಓದಿದ್ದೆನೋ.

ಒಂದೂವರೆ ಗಂಟೆ ಹತ್ತಿದ ಮೇಲೆ ಮರಗಳ ಆಸರೆ ಮುಗಿದು ಬಯಲು ಏಣು ಬಂತು. ಅಲ್ಲಿ ಹೊಡೀತು. ಹಿಮ ಅಡ್ಡಡ್ಡ ಬೀಳ್ತಿದೆ, ಟಾರ್ಚ್ ಬೆಳಕಲ್ಲಿ ಮುಂದಿನವರ ಬ್ಯಾಗ್ ಕೂಡ ಕಾಣ್ತಿಲ್ಲ. ಗೈಡ್ ನಿಂತು, ಸಾಕು ಅನ್ನೋ ಹಾಗೆ ಕೈ ಅಡ್ಡ ಮಾಡಿದ್ರು. ನಾನು ಇನ್ನು ಸ್ವಲ್ಪ, ಇನ್ನು ಸ್ವಲ್ಪ ಅಂತ ವಾದ ಮಾಡ್ತಿದ್ದೀನಿ. ಅಷ್ಟೊತ್ತಿಗೆ ಒಬ್ಬ ತಂಗಿ ನನ್ನ ತೋಳು ಹಿಡಿದು, ‘ಅಣ್ಣಾ, ಈಗ ಚಳಿ ಆಗ್ತಿಲ್ಲ’ ಅಂದ್ಲು. ಅಲ್ಲಿವರೆಗೂ ಗಡಗಡ ನಡುಗ್ತಾ ಬಂದಿದ್ದವಳು.

ನಾನೇನು ಹೇಳಿದೆ ಗೊತ್ತಾ? ‘ನೋಡಿದ್ಯಾ ತಂಗಿ, ಕರ್ತನು ಬಲ ಕೊಡ್ತಾನೆ’ ಅಂದೆ.

ಜೊತೆಯಲ್ಲಿ ನರ್ಸಿಂಗ್ ಓದ್ತಿದ್ದ ಒಬ್ಬ ತಮ್ಮ ಇದ್ದ. ಅವನು ಅವಳ ಮುಖಕ್ಕೆ ಟಾರ್ಚ್ ಹಿಡಿದ. ಹೆಸರು ಕೇಳಿದ, ನಾಲಿಗೆ ಹೊರಳ್ತಿಲ್ಲ. ಒಂದು ಗ್ಲೌಸ್ ಎಲ್ಲೋ ಬಿದ್ದುಹೋಗಿದೆ, ಅವಳಿಗೇ ಗೊತ್ತಿಲ್ಲ. ಅವನು ಗೈಡಿಗೆ ಎರಡೇ ಮಾತು ಹೇಳಿದ. ಗೈಡ್ ನನ್ನ ಅಪ್ಪಣೆಗೆ ಕಾಯಲಿಲ್ಲ. ತಮ್ಮ ಗ್ಲೌಸ್ ಕಳಚಿ ಅವಳಿಗೆ ಹಾಕಿ, ತೋಳು ಹಿಡಿದು ಕೆಳಗೆ ತಿರುಗಿಸಿಬಿಟ್ರು. ನಾವೆಲ್ಲ ಹಿಂದೆ. ದಾರಿಯುದ್ದಕ್ಕೂ ನನಗೆ ಅವಳ ಚಿಂತೆಗಿಂತ ಬ್ಯಾನರ್ ಚಿಂತೆ ಜಾಸ್ತಿ ಇತ್ತು. ಇದನ್ನ ಹೇಳೋಕೆ ನಾಚಿಕೆ ಆಗುತ್ತೆ, ಆದರೆ ಇದ್ದಿದ್ದು ಹಾಗೇ. ಭಾನುವಾರ ಏನು ಸಾಕ್ಷಿ ಹೇಳಲಿ ಅಂತ ಯೋಚಿಸ್ತಿದ್ದೆ.

ಕ್ಯಾಂಪಲ್ಲಿ ಒದ್ದೆ ಬಟ್ಟೆ ಬದಲಾಯಿಸಿ, ಎರಡು ಸ್ಲೀಪಿಂಗ್ ಬ್ಯಾಗಲ್ಲಿ ಸುತ್ತಿ, ಬಿಸಿ ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದ್ರು. ತುಂಬಾ ಹೊತ್ತಾದ ಮೇಲೆ ಅವಳಿಗೆ ಮತ್ತೆ ನಡುಕ ಶುರುವಾಯ್ತು. ನಾನು ಹೆದರಿದೆ. ಗೈಡ್ ಮಾತ್ರ ಅವತ್ತು ಮೊದಲ ಸಲ ನಕ್ಕು, ಈಗ ಸರಿಯಾಯ್ತು ಅಂದ್ರು.

ಮುಂದಿನ ಭಾನುವಾರ ಸಾಕ್ಷಿ ಹೇಳಿದೆ. ಭಯಂಕರ ಬಿರುಗಾಳಿಯಿಂದ ದೇವರು ನಮ್ಮನ್ನ ಕಾಪಾಡಿದ ಅಂದೆ. ಜನ ಚಪ್ಪಾಳೆ ತಟ್ಟಿದ್ರು. ಸುಳ್ಳಲ್ಲ, ಕಾಪಾಡಿದ್ದು ನಿಜ. ಆ ಬಿರುಗಾಳಿಯೊಳಕ್ಕೆ ಅವರನ್ನ ಕರ್ಕೊಂಡು ಹೋಗಿದ್ದು ನಾನು ಅನ್ನೋದನ್ನ ಮಾತ್ರ ಬಿಟ್ಟಿದ್ದೆ. ಎರಡು ತಿಂಗಳಾದ ಮೇಲೆ ಆ ತಂಗಿಯಿಂದ ಒಂದು ಉದ್ದ ಮೆಸೇಜ್ ಬಂತು. ಹಿಂದಿನ ರಾತ್ರಿಯಿಂದಲೇ ಅವಳಿಗೆ ತಲೆ ಸುತ್ತು, ವಾಂತಿ. ಯಾರಿಗೂ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂದ್ರೆ, ಪೇತ್ರನ ಪಾಠ ಕೇಳಿದ ಮೇಲೆ, ನನ್ನಿಂದ ಆಗಲ್ಲ ಅಂದ್ರೆ ನೀವು ನನ್ನನ್ನ ಅಲ್ಪ ವಿಶ್ವಾಸಿ ಅಂತೀರಿ ಅನ್ನಿಸ್ತು ಅಣ್ಣಾ, ಅಂತ ಬರೆದಿದ್ಲು.

ತಮ್ಮಂದಿರೇ, ಅವಳನ್ನ ಸಾಯೋ ಅಂಚಿಗೆ ತಂದಿದ್ದು ಚಳಿ ಮಾತ್ರ ಅಲ್ಲ. ಪೇತ್ರನನ್ನ ನೀರಿನ ಮೇಲೆ ಬಾ ಅಂತ ಕರೆದವನು ಕರ್ತನು. ನಮ್ಮನ್ನ ಆ ರಾತ್ರಿ ಯಾರು ಕರೆದಿದ್ರು? ನನ್ನ ಬ್ಯಾನರ್ ಕರೆದಿತ್ತು. ದೇವಾಲಯದ ಶಿಖರದ ಮೇಲೆ ಯೇಸುವನ್ನ ನಿಲ್ಲಿಸಿ ಸೈತಾನ ಏನು ಮಾಡಿದ, ಮತ್ತಾಯ 4ರಲ್ಲಿ ನೋಡಿ. 91ನೇ ಕೀರ್ತನೆ ತೋರಿಸಿದ, ದೂತರು ಎತ್ತಿಕೊಳ್ತಾರೆ ಧುಮುಕು ಅಂದ. ವಚನ ಸರಿಯಾಗೇ ಇತ್ತು. ಯೇಸು ಧುಮುಕಲಿಲ್ಲ, ನಡೆದೇ ಇಳಿದಿರಬೇಕು. ಅವತ್ತು ಯಾರಾದರೂ ಕೆಳಗೆ ನಿಂತು ನೋಡ್ತಿದ್ದಿದ್ರೆ, ಇವನಿಗೆ ನಂಬಿಕೆ ಇಲ್ಲ ಅಂದಿರೋರು.

ಬೆಟ್ಟ ಹತ್ತೋರ ಲೋಕದಲ್ಲೂ ಇದೇ ಕಥೆ. ಎವರೆಸ್ಟಿನಲ್ಲಿ ಮಧ್ಯಾಹ್ನ ಎರಡು ಗಂಟೆ ಒಂದು ಗೆರೆ. ಆ ಹೊತ್ತಿಗೆ ತುದಿ ಮುಟ್ಟದಿದ್ರೆ ಎಲ್ಲಿದ್ದೀಯೋ ಅಲ್ಲಿಂದ ತಿರುಗು. 1996ರ ಮೇ 10ರಂದು ಎರಡು ಗಂಟೆ ದಾಟಿದ ಮೇಲೂ ಹಲವರು ಹತ್ತುತ್ತಲೇ ಇದ್ರು. ಅವರಲ್ಲಿ ಡಗ್ ಹ್ಯಾನ್ಸನ್ ಅಂತ ಅಮೆರಿಕದ ಅಂಚೆ ನೌಕರ ಒಬ್ಬ. ಹಿಂದಿನ ವರ್ಷ ತುದಿಯ ಹತ್ತಿರಕ್ಕೆ ಬಂದಿದ್ದ ಅವನನ್ನ ಗೈಡ್ ರಾಬ್ ಹಾಲ್ ಅವರೇ ವಾಪಸ್ ಇಳಿಸಿದ್ರು. ಈ ವರ್ಷ ಹಾಗೆ ಮಾಡೋಕೆ ಅವರಿಗೆ ಮನಸ್ಸು ಬರಲಿಲ್ಲ ಅಂತ ಕಾಣುತ್ತೆ, ತುದಿಯಲ್ಲಿ ಅವನಿಗೋಸ್ಕರ ಕಾದ್ರು. ಬಿರುಗಾಳಿ ಬಂತು. ಇಬ್ಬರೂ ಹೋದ್ರು. ಬೆಟ್ಟದ ಎರಡೂ ಬದಿ ಸೇರಿ ಎಂಟು ಜನ, ಅದರಲ್ಲಿ ಮೂವರು ನಮ್ಮ ಇಂಡೋ-ಟಿಬೆಟನ್ ಬಾರ್ಡರ್ ಪೊಲೀಸ್‌ನವರು.

ಅದಕ್ಕೂ ಒಂದು ವಾರ ಮುಂಚೆ ಅದೇ ಬೆಟ್ಟದಲ್ಲಿ ಯೋರಾನ್ ಕ್ರಾಪ್ ಅನ್ನೋ ಸ್ವೀಡನ್ನಿನ ಮನುಷ್ಯ ಇದ್ದ. ಸ್ವೀಡನ್ನಿಂದ ನೇಪಾಳಕ್ಕೆ ಸೈಕಲ್ ತುಳ್ಕೊಂಡು ಬಂದವನು, ಸಾವಿರಾರು ಕಿಲೋಮೀಟರ್, ಸಾಮಾನೆಲ್ಲ ತಾನೇ ಹೊತ್ತು. ತುದಿಗೆ ಸುಮಾರು ನೂರು ಮೀಟರ್ ಬಾಕಿ ಇದ್ದಾಗ ಹೊತ್ತಾಯ್ತು ಅಂತ ತಿರುಗಿಬಿಟ್ಟ. ಅಷ್ಟು ದೂರದಿಂದ ಬಂದವನಿಗೆ ನೂರು ಮೀಟರ್ ಬಿಡೋದು ಎಂಥ ಸಂಕಟ ಯೋಚಿಸಿ! ಅವನು ಮೇ 23ಕ್ಕೆ ಮತ್ತೆ ಹೋಗಿ ಹತ್ತಿದ. ಮತ್ತೆ ಹತ್ತದೇ ಇದ್ದಿದ್ರೂ ಅವನು ತಿರುಗಿದ್ದು ಸರಿಯೇ. ಅವನ ಕಥೆ ಹೇಳೋರೆಲ್ಲ ಎರಡನೇ ಸಲ ಗೆದ್ದಿದ್ದನ್ನೇ ಹಿಗ್ಗಿ ಹೇಳ್ತಾರೆ, ನನಗೆ ಅದು ಅಷ್ಟು ಇಷ್ಟ ಆಗಲ್ಲ.

ಇನ್ನೊಂದು ವಿಷಯ 27ನೇ ಅಧ್ಯಾಯದಲ್ಲಿ ಬಿಟ್ಟುಹೋಗಬಾರದು. ಹದಿನಾಲ್ಕು ರಾತ್ರಿ ಬಿರುಗಾಳಿ. ದೂತನು ಬಂದು ಒಂದು ಜೀವವೂ ಹೋಗಲ್ಲ ಅಂತ ಪೌಲನಿಗೆ ಮಾತು ಕೊಟ್ಟಾಗಿದೆ. ಈಗ ಪ್ರವಾದನೆ ಇದೆ, ಸ್ಪಷ್ಟವಾಗಿದೆ. ಆಮೇಲೆ ನಾವಿಕರು ಚಿಕ್ಕ ದೋಣಿ ಇಳಿಸಿ ಗುಟ್ಟಾಗಿ ಓಡಿಹೋಗೋಕೆ ನೋಡ್ತಾರೆ. ಪೌಲ ಏನಂದ? ಹೋಗಲಿ ಬಿಡಿ, ನಮಗೆ ದೇವರ ಮಾತಿದೆ ಅಂದನಾ? ಇವರು ಹಡಗಲ್ಲಿ ಉಳಿಯದಿದ್ರೆ ನೀವು ಬದುಕಲ್ಲ ಅಂತ ಶತಾಧಿಪತಿಗೆ ಹೇಳಿದ. ದೇವರ ವಾಗ್ದಾನ ಇದ್ದಾಗಲೂ ಹಡಗು ನಡೆಸೋಕೆ ಗೊತ್ತಿರೋ ಮನುಷ್ಯ ಬೇಕು. ಊಟ ಮಾಡಿ, ಶಕ್ತಿ ಬೇಕು ಅಂತಲೂ ಹೇಳಿದ. ಕೊನೆಗೆ ಹಡಗು ಒಡೀತು, ಸರಕು ಹೋಯ್ತು, 276 ಜನ ಈಜಿ, ಹಲಗೆ ಹಿಡಿದು ದಡ ಸೇರಿದ್ರು. ನಮ್ಮ ಸಭೆಗಳಲ್ಲಿ ಕೆಲಸ ಬಿಟ್ಟು ಸಾಲ ಮಾಡಿ ಬಿಸಿನೆಸ್ಸಿಗೆ ಇಳಿದವರು, ಸಾಕ್ಷಿ ಹೇಳಿಬಿಟ್ಟಿದ್ದೀನಿ ಈಗ ಹೇಗೆ ಹಿಂದೆ ಬರಲಿ ಅಂತ ಮನೆ ಒಡವೆ ಅಡ ಇಡೋರು ಇದ್ದಾರೆ. ನಿಶ್ಚಿತಾರ್ಥ ಆದ ಮೇಲೆ ಹುಡುಗ ಕುಡೀತಾನೆ, ಹೊಡೀತಾನೆ ಅಂತ ಗೊತ್ತಾದರೂ ಬಾಯಿಬಿಡದ ತಂಗಿಯರು ಇದ್ದಾರೆ. ನೀವು ಯಾರಾದರೂ ಇಲ್ಲಿದ್ದರೆ, ಇವತ್ತು ರಾತ್ರಿ ಬಂದು ನನ್ನ ಹತ್ತಿರವೋ ಅಕ್ಕನ ಹತ್ತಿರವೋ ಮಾತಾಡಿ. ಯಾರೂ ನಿಮ್ಮನ್ನ ಅಲ್ಪ ವಿಶ್ವಾಸಿ ಅನ್ನಲ್ಲ. ನಾನಂತೂ ಆ ಪದ ಯಾರ ಮೇಲೂ ಎಸೆಯೋದನ್ನ ಬಿಟ್ಟು ಏಳು ವರ್ಷಕ್ಕೆ ಬಂತು.

ಸರಿ, ಟ್ರೆಕ್ಕಿಗೆ ಹೋಗೋ ಹನ್ನೊಂದು ಜನ. ಪ್ರಾರ್ಥನೆ ಖಂಡಿತ ಮಾಡ್ತೀನಿ. ಅದಕ್ಕೆ ಮುಂಚೆ ಇಲ್ಲೇ ಕೂತು ಕೆಲವು ವಿಷಯ ತೀರ್ಮಾನ ಮಾಡಬೇಕು. ಬ್ಯಾನರ್ ಇಲ್ಲೇ ಬಿಟ್ಟು ಹೋಗಿ, ನಾನು ಜೋಪಾನವಾಗಿ ಇಟ್ಕೊಳ್ತೀನಿ. ಶಿಖರದ ದಿನ ಎಷ್ಟು ಗಂಟೆಗೆ ತಿರುಗ್ತೀರಿ ಅಂತ ಗೈಡಿನ ಹತ್ತಿರ ಹಿಂದಿನ ಸಂಜೆಯೇ ಕೇಳಿ ಬರೆದಿಟ್ಕೊಳ್ಳಿ, ಮೇಲೆ ಹೋದ ಮೇಲೆ ತಲೆ ಸರಿಯಾಗಿ ಕೆಲಸ ಮಾಡಲ್ಲ. ಬೇಡ ಅಂತ ಗೈಡ್ ಅಂದ್ರೆ ಬೇಡ. ತಿರುಗಿ ಬಂದರೂ ಅವರ ಪೂರ್ತಿ ಕೂಲಿ, ಮೇಲೊಂದಿಷ್ಟು ಖುಷಿಯಿಂದ ಕೊಡಿ, ಆಗ ಅವರು ಧೈರ್ಯವಾಗಿ ಬೇಡ ಅನ್ನೋಕಾಗುತ್ತೆ. ಪ್ರತಿ ರಾತ್ರಿ ಒಬ್ಬೊಬ್ಬರನ್ನೂ ಕೇಳಿ: ತಲೆನೋವಿದೆಯಾ, ವಾಂತಿ ಬಂತಾ, ಊಟ ಸೇರಿತಾ. ನಿಮ್ಮಲ್ಲಿ ಅತ್ಯಂತ ಮೆಲ್ಲಗೆ ಮಾತಾಡೋರು ಯಾರು? ಹಾಂ, ಕೈ ತೋರಿಸ್ತಿದ್ದೀರಿ, ಅವಳನ್ನೇ ಮೊದಲು ಕೇಳಿ. ನಿನ್ನೆ ಹವಾಮಾನದ ಬಗ್ಗೆ ಕೇಳಿದವಳೂ ಅವಳೇ ಅಲ್ವಾ.

ಅಡುಗೆಯವರು ಮುದ್ದೆ ತಣ್ಣಗಾಗ್ತಿದೆ ಅಂತ ಸನ್ನೆ ಮಾಡ್ತಿದ್ದಾರೆ. ಊಟ ಆದ ಮೇಲೆ ಹನ್ನೊಂದು ಜನ ಇಲ್ಲೇ ಉಳ್ಕೊಳ್ಳಿ, ಬ್ಯಾನರ್ ತಗೊಂಡು ಬನ್ನಿ. ಈಗ ಎದ್ದು ನಿಲ್ಲಿ, ಪ್ರಾರ್ಥನೆ ಮಾಡೋಣ. ಉತ್ತರಕಾಶಿಯಿಂದ ಮನೆಗೆ ಬರದೇ ಹೋದವರ ಮನೆಯವರನ್ನ ಮೊದಲು ನೆನಪು ಮಾಡ್ಕೊಳ್ಳೋಣ. ಕಣ್ಣು ಮುಚ್ಚಿ.